ಪಾದರಸವಿಲ್ಲದ ಸೋಡಿಯಂ ದೀಪ

(ಶಾಲೆಯ ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ. ಲೇಖಕರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್.)



ಸಮಿತಿಯವರು ಫೋನ್ ಮಾಡಿ, "ನೀನು ಸಾಫ್ಟ್‌ವೇರಿನವನು, ಕಂಪ್ಯೂಟರ್ ಬಗ್ಗೆ ಮಾತಾಡಪ್ಪ" ಎಂದರು. ಆಗಲಿ ಎಂದೆ. ಆದರೆ ಈ ಶಾಲೆಗೆ ನಾನು ತೀರಿಸಬೇಕಾದ ಹಳೆಯ ಬಾಕಿಯೊಂದಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ವಿಜ್ಞಾನದ ಮೇಷ್ಟ್ರು ನನಗೊಂದು ಮನೆಗೆಲಸ ಕೊಟ್ಟಿದ್ದರು. ಅದನ್ನು ನಾನು ಒಪ್ಪಿಸಲೇ ಇಲ್ಲ. ಮೇಷ್ಟ್ರು ನಿವೃತ್ತರಾಗಿ ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆದ್ದರಿಂದ ಕಂಪ್ಯೂಟರ್ ಸ್ವಲ್ಪ ಹೊತ್ತು ಕಾಯಲಿ. ಇಂದು ಬೀದಿ ದೀಪದ ಬಗ್ಗೆ ಮಾತಾಡುತ್ತೇನೆ.

ಆಗ ನಮ್ಮಪ್ಪ ಬಸ್ ನಿಲ್ದಾಣದ ಬಳಿ ಪೆಟ್ಟಿಗೆ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಒಂದೇ ಕೋಣೆ, ಒಂದೇ ಬಲ್ಬು. ತಮ್ಮ ತಂಗಿ ಮಲಗಿದ ಮೇಲೆ ದೀಪ ಆರಿಸಬೇಕಿತ್ತು. ಹಾಗಾಗಿ ನಾನು ಅಂಗಡಿಯ ಪಕ್ಕದ ಕಟ್ಟೆಯ ಮೇಲೆ, ಸೋಡಿಯಂ ಲೈಟಿನ ಕೆಳಗೆ ಕೂತು ಓದುತ್ತಿದ್ದೆ. ಆ ಲೈಟಿಗೊಂದು ಕಾಯಿಲೆ ಇತ್ತು. ಹೊತ್ತಿಕೊಂಡು ಹದಿನೈದು ನಿಮಿಷ ಚೆನ್ನಾಗಿ ಉರಿಯುತ್ತಿತ್ತು, ಆಮೇಲೆ ತಾನಾಗಿಯೇ ಆರುತ್ತಿತ್ತು. ನಾಲ್ಕೈದು ನಿಮಿಷ ಕತ್ತಲು. ಮತ್ತೆ ಮಂದವಾಗಿ ಮಿಣುಕಿ, ನಿಧಾನವಾಗಿ ಹಳದಿಯಾಗಿ ಹೊತ್ತಿಕೊಳ್ಳುತ್ತಿತ್ತು. ರಾತ್ರಿಯಿಡೀ ಇದೇ ಆಟ. ನಾನು ಅದಕ್ಕೆ ಹೊಂದಿಕೊಂಡೆ. ಬೆಳಕಿದ್ದಾಗ ಓದು, ಆರಿದಾಗ ಓದಿದ್ದನ್ನು ಕಣ್ಣುಮುಚ್ಚಿ ಬಾಯಿಪಾಠ ಒಪ್ಪಿಸುವುದು. ನನ್ನ ಎಸ್‌ಎಸ್‌ಎಲ್‌ಸಿ ಅಂಕಗಳಲ್ಲಿ ಒಂದು ಪಾಲು ಆ ಕೆಟ್ಟ ದೀಪಕ್ಕೆ ಸೇರಬೇಕು.

ಒಂದು ದಿನ ಏಣಿ ತಂದು ದೀಪ ಬದಲಿಸಿದರು. ತೆಗೆದ ಹಳೆಯ ದೀಪಗಳು ನಮ್ಮ ಶಾಲೆಯ ಕಾಂಪೌಂಡಿನ ಹಿಂದಿನ ಚರಂಡಿಯ ಪಕ್ಕ ಬಿದ್ದಿದ್ದವು. ಹುಡುಗರ ಕೈಗೆ ಗಾಜು ಸಿಕ್ಕರೆ ಏನಾಗುತ್ತದೆ ಹೇಳಿ? ಒಡೆದೆವು. ಒಳಗೆ ಬಳಪದಂಥ ಬಿಳಿಯ ಕಡ್ಡಿಯೊಂದು ಸಿಕ್ಕಿತು. ಸೀಮೆಸುಣ್ಣ ಎಂದುಕೊಂಡು ತರಗತಿಗೆ ತಂದು ಬೋರ್ಡಿನ ಮೇಲೆ ಬರೆದೆ. ಅಕ್ಷರ ಮೂಡಲಿಲ್ಲ, ಬೋರ್ಡಿಗೇ ಗೀರು ಬಿತ್ತು. ಇನ್ನೊಂದು ಕಡ್ಡಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದ್ದೆವು. ಅದರೊಳಗೆ ಬೆಳ್ಳಿಯಂಥ ಪುಟ್ಟ ಚುಕ್ಕೆ ಇತ್ತು. ಅದನ್ನು ಬೆರಳಿನಿಂದ ಉರುಳಿಸಿ ನೋಡಿದವನು ನಾನೇ.

ಮೇಷ್ಟ್ರು ನೋಡಿದರು. ಬೈಯುವ ಮೊದಲು "ಹೋಗಿ ಸೋಪು ಹಾಕಿ ಕೈ ತೊಳ್ಕೊಂಡು ಬಾ" ಎಂದರು. ಬಂದ ಮೇಲೆ ಚೆನ್ನಾಗಿ ಬೈದರು. ಕೊನೆಗೆ ನಾನು "ಇದೇನು ಸಾರ್?" ಎಂದು ಕೇಳಿದಾಗ, ಮೇಷ್ಟ್ರು ಆ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ನನಗೂ ಗೊತ್ತಿಲ್ಲ ಕಣಯ್ಯ. ದೀಪ ಯಾಕೆ ಆರಿ ಆರಿ ಹೊತ್ತುತ್ತಿತ್ತು ಅನ್ನೋದೂ ಗೊತ್ತಿಲ್ಲ. ತಿಳ್ಕೊಂಡು ಬಂದು ನನಗೂ ಹೇಳು" ಎಂದರು. ಗೊತ್ತಿಲ್ಲ ಎಂದು ಮಕ್ಕಳ ಮುಂದೆ ಹೇಳಿದ ಮೊದಲ ಮೇಷ್ಟ್ರು ಅವರು. ಇಂದು ಉತ್ತರ ತಂದಿದ್ದೇನೆ.

ಮೊದಲು ಬೆಳಕಿನಿಂದ ಆರಂಭಿಸೋಣ. ಒಲೆಯ ಉರಿಗೆ ಉಪ್ಪಿನ ಹರಳು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಸೋಡಿಯಂ ಪರಮಾಣುವಿನ ಹೊರಕವಚದಲ್ಲಿ ಒಂದೇ ಒಂದು ಎಲೆಕ್ಟ್ರಾನ್ ಇದೆ. ಅದಕ್ಕೆ ಸ್ವಲ್ಪ ಶಕ್ತಿ ಕೊಟ್ಟರೆ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ, ಮರಳಿ ಇಳಿಯುವಾಗ ಆ ಶಕ್ತಿಯನ್ನು ಹಳದಿ ಬೆಳಕಾಗಿ ಬಿಡುತ್ತದೆ. ಅದರ ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್. ನಮ್ಮ ಕಣ್ಣು ಹೆಚ್ಚು ಚುರುಕಾಗಿರುವ ಬಣ್ಣದ ಹತ್ತಿರವೇ ಇದು ಇದೆ. ಆದ್ದರಿಂದಲೇ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕಾಣುತ್ತದೆ.

ಕಡಿಮೆ ಒತ್ತಡದ ಸೋಡಿಯಂ ಆವಿಯಿಂದ ಬರುವುದು ಈ ಒಂದೇ ಹಳದಿ. ಅದರ ಕೆಳಗೆ ಕೆಂಪು ಸೀರೆಯೂ ನೀಲಿ ಸೀರೆಯೂ ಒಂದೇ ಬೂದು. ಒತ್ತಡ ಹೆಚ್ಚಿಸಿದರೆ ಪರಿಸ್ಥಿತಿ ಬದಲಾಗುತ್ತದೆ. ಒತ್ತೊತ್ತಾಗಿರುವ ಪರಮಾಣುಗಳು ಒಂದರ ಮೇಲೊಂದು ಪ್ರಭಾವ ಬೀರಿ ಆ ಹಳದಿ ಗೆರೆಯನ್ನು ಎರಡೂ ಕಡೆಗೆ ಅಗಲಿಸುತ್ತವೆ. ಕೊಳವೆಯ ಅಂಚಿನಲ್ಲಿ, ಅಷ್ಟು ಬಿಸಿಯಿಲ್ಲದ ಜಾಗದಲ್ಲಿರುವ ಸೋಡಿಯಂ ಪರಮಾಣುಗಳು ನಡುವಿನ 589ರ ಬೆಳಕನ್ನೇ ಹೀರಿಕೊಳ್ಳುತ್ತವೆ. ಹೊರಗೆ ಬರುವುದು ಆಚೀಚೆಯ ಹಸಿರು, ಕಿತ್ತಳೆ, ಕೆಂಪು ಬೆರೆತ ಬಂಗಾರದ ಬೆಳಕು. ಅದರ ವರ್ಣತಾಪ ಸುಮಾರು 2000 ಕೆಲ್ವಿನ್. ಬಣ್ಣ ಗುರುತಿಸಲು ಇದೂ ಅಷ್ಟು ಒಳ್ಳೆಯದಲ್ಲ. ವರ್ಣನಿಷ್ಠೆಗೆ 100 ಅಂಕ ಎಂದಿಟ್ಟುಕೊಂಡರೆ ಇದಕ್ಕೆ ಇಪ್ಪತ್ತರ ಆಸುಪಾಸು. ಆದರೆ ರಸ್ತೆಯ ಗುಂಡಿ, ಎದುರು ಬರುವ ಎತ್ತಿನ ಗಾಡಿ ಕಾಣಲು ಅಷ್ಟು ಸಾಕು.

ಈಗ ಆ ಬಿಳಿಯ ಕಡ್ಡಿಗೆ ಬರೋಣ. ಉರಿಯುವ ದೀಪದ ಕೊಳವೆಯ ನಡುವೆ ಉಷ್ಣತೆ ಸುಮಾರು 4000 ಕೆಲ್ವಿನ್. ಗೋಡೆಯೇ ಸುಮಾರು 1200 ಡಿಗ್ರಿ ಸೆಲ್ಸಿಯಸ್. ಅಷ್ಟು ಬಿಸಿಯಲ್ಲಿ ಸೋಡಿಯಂ ಗಾಜನ್ನು ಬಿಡಿ, ಸ್ಫಟಿಕ ಶಿಲೆಯಿಂದ ಮಾಡಿದ ಕ್ವಾರ್ಟ್ಜ್ ಕೊಳವೆಯನ್ನೂ ತಿಂದುಹಾಕುತ್ತದೆ. ಇದಕ್ಕೆ ದಾರಿ ಸಿಕ್ಕಿದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ರಾಬರ್ಟ್ ಕೋಬಲ್ ಎಂಬವರು ಅಲ್ಯುಮಿನಾ ಪುಡಿಗೆ ಚಿಟಿಕೆಯಷ್ಟು ಮೆಗ್ನೀಸಿಯಂ ಆಕ್ಸೈಡ್ ಸೇರಿಸಿ ಸುಟ್ಟಾಗ, ಒಳಗೆ ಗಾಳಿಯ ರಂಧ್ರಗಳೇ ಉಳಿಯದ, ಬೆಳಕನ್ನು ಹಾಯಿಸುವ ಪಿಂಗಾಣಿ ಸಿದ್ಧವಾಯಿತು. ಮಾಣಿಕ್ಯ, ನೀಲಮಣಿಗಳೂ ಮೂಲತಃ ಇದೇ ಅಲ್ಯುಮಿನಾ. ನಾನು ಬಳಪ ಎಂದುಕೊಂಡದ್ದು ಮಾಣಿಕ್ಯದ ಬಡ ಅಣ್ಣ! ಬೋರ್ಡು ಗೀರಿದ್ದರಲ್ಲಿ ಆಶ್ಚರ್ಯವಿಲ್ಲ. ಈ ಕೊಳವೆ ಸಿಕ್ಕಿದ ಮೇಲೆಯೇ 1960ರ ದಶಕದಲ್ಲಿ ಅಧಿಕ ಒತ್ತಡದ ಸೋಡಿಯಂ ದೀಪಗಳು ಮಾರುಕಟ್ಟೆಗೆ ಬಂದದ್ದು. 250 ವ್ಯಾಟ್‌ನ ದೀಪ ಸುಮಾರು 27,000 ಲ್ಯೂಮೆನ್ ಬೆಳಕು ಕೊಡುತ್ತಿತ್ತು. ಅದೇ ವ್ಯಾಟ್‌ನ ಹಳೆಯ ಪಾದರಸ ಆವಿ ದೀಪ ಕೊಡುತ್ತಿದ್ದುದು ಅದರ ಅರ್ಧದಷ್ಟು.

ಹಾಗಾದರೆ ಆ ಬೆಳ್ಳಿಯ ಚುಕ್ಕೆ ಯಾವುದು? ಅದು ಸೋಡಿಯಂ ಬೆರೆತ ಪಾದರಸ. ಇದನ್ನು ಓದಿ ತಿಳಿದಾಗ ನನಗೆ ಬೆಚ್ಚಿದಂತಾಯಿತು. ಜೊತೆಗೊಂದು ಪ್ರಶ್ನೆಯೂ ಹುಟ್ಟಿತು. ಹೆಸರು ಸೋಡಿಯಂ ದೀಪ, ಬೆಳಕು ಸೋಡಿಯಂನದು. ಪಾದರಸಕ್ಕೆ ಇಲ್ಲೇನು ಕೆಲಸ?

ಪಾದರಸ ಈ ದೀಪದಲ್ಲಿ ಹೆಚ್ಚುಕಡಿಮೆ ಬೆಳಕನ್ನೇ ಕೊಡುವುದಿಲ್ಲ. ಅದರ ಎಲೆಕ್ಟ್ರಾನನ್ನು ಮೇಲಕ್ಕೆ ಜಿಗಿಸಲು ಸೋಡಿಯಂಗೆ ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಷ್ಟು ಶಕ್ತಿ ಸಿಗುವ ಮೊದಲೇ ಸೋಡಿಯಂ ಅದನ್ನು ಕಿತ್ತುಕೊಂಡಿರುತ್ತದೆ. ಪಾದರಸ ಮಾಡುವುದೆಲ್ಲ ತೆರೆಮರೆಯ ಕೆಲಸ. ಮುಖ್ಯವಾಗಿ ಮೂರು.

ಒಂದನೆಯದು, ಕಂಬಳಿಯ ಕೆಲಸ. ನಡುವಿನ ಬಿಸಿ ಗೋಡೆಗೆ ಓಡಿಹೋದರೆ ಅಷ್ಟು ವಿದ್ಯುತ್ ದಂಡ. ಪಾದರಸದ ಪರಮಾಣು ಭಾರ. ಅದರ ಆವಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ನಡುವಿನ ಬಿಸಿ ನಡುವೆಯೇ ಉಳಿಯುತ್ತದೆ.

ಎರಡನೆಯದು, ಜಾತ್ರೆಯ ಜನಸಂದಣಿಯ ಕೆಲಸ. ಎಲೆಕ್ಟ್ರಾನುಗಳು ಒಂದು ತುದಿಯಿಂದ ಇನ್ನೊಂದಕ್ಕೆ ನಿರಾಯಾಸವಾಗಿ ಹರಿದರೆ ದೀಪದ ವೋಲ್ಟೇಜ್ ತೀರಾ ಕಡಿಮೆ ಇರುತ್ತದೆ. ಆಗ ಅದೇ 250 ವ್ಯಾಟ್‌ಗೆ ಹೆಚ್ಚು ಆಂಪಿಯರ್ ಹರಿಸಬೇಕು, ಚೋಕು ದಪ್ಪವಾಗಬೇಕು, ತಂತಿಗಳು ಬಿಸಿಯಾಗುತ್ತವೆ. ಪಾದರಸದ ಆವಿ ಜಾತ್ರೆಯ ನೂಕುನುಗ್ಗಲಿನಂತೆ ಅಡ್ಡ ನಿಂತು ವೋಲ್ಟೇಜನ್ನು ಏರಿಸುತ್ತದೆ. ನಮ್ಮ 230 ವೋಲ್ಟ್ ಲೈನಿನಲ್ಲಿ 250 ವ್ಯಾಟ್‌ನ ದೀಪ ಸುಮಾರು 100 ವೋಲ್ಟ್, 3 ಆಂಪಿಯರ್‌ನಲ್ಲಿ ನೆಮ್ಮದಿಯಿಂದ ಉರಿಯುವುದು ಅದರಿಂದಲೇ.

ಮೂರನೆಯದು ಸಣ್ಣದು. ಸೋಡಿಯಂನ ಬೆಳಕು ಕೆಂಪಿನ ಕಡೆಗೆ ಸ್ವಲ್ಪ ಹೆಚ್ಚು ಹರಡುವಂತೆ ಪಾದರಸ ಮಾಡುತ್ತದೆ.

ನನ್ನ ದೀಪದ ಕಾಯಿಲೆಗೂ ಕಾರಣ ಈ ಮಿಶ್ರಣವೇ. ಕೊಳವೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಸೋಡಿಯಂ ಮತ್ತು ಪಾದರಸ ತುಂಬಿರುತ್ತಾರೆ. ಆವಿಯಾಗದೆ ಉಳಿದದ್ದು ಕೊಳವೆಯ ಅತಿ ತಣ್ಣನೆಯ ತುದಿಯಲ್ಲಿ ಕೂತಿರುತ್ತದೆ. ಆ ತುದಿ ಎಷ್ಟು ಬಿಸಿಯೋ ಅಷ್ಟು ಆವಿ. ದೀಪಕ್ಕೆ ವಯಸ್ಸಾದಂತೆ ತುದಿಗಳು ಕಪ್ಪಾಗಿ ಹೆಚ್ಚು ಬಿಸಿಯಾಗುತ್ತವೆ, ಆವಿ ಹೆಚ್ಚುತ್ತದೆ. ಇನ್ನೊಂದು ಕಡೆ ಸೋಡಿಯಂ ಸ್ವಲ್ಪ ಸ್ವಲ್ಪವೇ ಕಳೆದುಹೋಗಿ ಮಿಶ್ರಣದಲ್ಲಿ ಪಾದರಸದ ಪಾಲು ಏರುತ್ತದೆ. ಎರಡರಿಂದಲೂ ದೀಪದ ವೋಲ್ಟೇಜ್ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಚೋಕಿನ ಕೈಯಲ್ಲಿ ಅದನ್ನು ಹಿಡಿದಿಡಲು ಆಗುವುದಿಲ್ಲ. ದೀಪ ಆರುತ್ತದೆ. ತಣ್ಣಗಾದಾಗ ಒತ್ತಡ ಇಳಿಯುತ್ತದೆ, ಇಗ್ನೈಟರ್ ಕೆಲವು ಸಾವಿರ ವೋಲ್ಟ್‌ನ ಹೊಡೆತ ಕೊಟ್ಟು ಮತ್ತೆ ಹೊತ್ತಿಸುತ್ತದೆ. ಬಿಸಿಯಾದಂತೆ ಮತ್ತೆ ವೋಲ್ಟೇಜ್ ಏರುತ್ತದೆ, ಮತ್ತೆ ಆರುತ್ತದೆ. ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇದು. ನಮ್ಮೂರಿನಲ್ಲಿ ಅದನ್ನು ದೆವ್ವದ ಕಂಬ ಎನ್ನುತ್ತಿದ್ದರು. ದೆವ್ವ ಇರಲಿಲ್ಲ. ಮುಪ್ಪು ಇತ್ತು, ಪಾದರಸ ಇತ್ತು.

ಒಂದು ದೀಪದಲ್ಲಿ ಪಾದರಸ ಎಷ್ಟಿರುತ್ತದೆ? ಹತ್ತಾರು ಮಿಲಿಗ್ರಾಂ. ಅಷ್ಟಕ್ಕೆ ಯಾಕೆ ಹೆದರಬೇಕು ಎಂದು ಕೇಳಬಹುದು. ಒಂದು ದೀಪಕ್ಕೆ ಹೆದರಬೇಕಿಲ್ಲ, ಎಚ್ಚರ ಸಾಕು. ಆದರೆ ಒಂದು ನಗರದ ಸಾವಿರಾರು ದೀಪಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಒಡೆದವುಗಳ ಪಾದರಸ ಮಣ್ಣಿಗೆ, ಅಲ್ಲಿಂದ ಮಳೆನೀರಿನ ಜೊತೆ ಕೆರೆಗೆ ಸೇರುತ್ತದೆ. ನೀರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ಮೀನಿನಿಂದ ಮನುಷ್ಯನಿಗೆ ಏರುತ್ತಾ ಹೆಚ್ಚುತ್ತದೆ. ಅದು ಹಾಳುಮಾಡುವುದು ನರಮಂಡಲವನ್ನು, ಅದರಲ್ಲೂ ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಮಿದುಳನ್ನು. ಜಪಾನಿನ ಮಿನಮಾಟ ಎಂಬ ಊರಿನಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ತ್ಯಾಜ್ಯದಿಂದ ಈ ಕಾಯಿಲೆ ಬಂದದ್ದು 1956ರಲ್ಲಿ ಅಧಿಕೃತವಾಗಿ ಪತ್ತೆಯಾಯಿತು. ನಮ್ಮ ನೆರೆಯ ಕೊಡೈಕೆನಾಲ್‌ನಲ್ಲೂ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಪರಿಸರಕ್ಕೆ ಸೇರಿ, 2001ರಲ್ಲಿ ಆ ಕಾರ್ಖಾನೆ ಮುಚ್ಚಿತು. ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಮಿನಮಾಟದ ಹೆಸರನ್ನೇ ಇಟ್ಟಿದ್ದಾರೆ. ಅದು 2013ರಲ್ಲಿ ಅಂಗೀಕಾರವಾಗಿ 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಸೇರಿತು.

ದೀಪ ಮಾಡುವವರು ಈ ಒಪ್ಪಂದಕ್ಕಿಂತ ಬಹಳ ಮೊದಲೇ, ಪಾದರಸವನ್ನು ತೆಗೆದು ಸೋಡಿಯಂ ದೀಪ ಮಾಡಬಹುದೇ ಎಂದು ನೋಡಿದ್ದರು. ನನ್ನಂಥವನಿಗೆ ಹೆಚ್ಚು ರುಚಿಸಿದ ಭಾಗ ಇದು. ಯಾಕೆಂದರೆ ಇಲ್ಲಿ ನನ್ನ ಕಸುಬಿನ ಪಾಠವೊಂದಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಪ್ರೋಗ್ರಾಮೊಂದನ್ನು ಶುಚಿ ಮಾಡುವ ಹೊಣೆ ನನಗೆ ಬಂತು. ಅದರಲ್ಲಿ ಏನೂ ಮಾಡದಂತೆ ಕಾಣುವ ಮೂವತ್ತು ಸಾಲುಗಳಿದ್ದವು. ಫಲಿತಾಂಶದಲ್ಲಿ ಅವುಗಳ ಗುರುತೇ ಇರಲಿಲ್ಲ. ಅಳಿಸಿದೆ. ಮೂರು ವಾರ ಎಲ್ಲ ಚೆನ್ನಾಗಿತ್ತು. ತಿಂಗಳ ಕೊನೆಯ ರಾತ್ರಿ ಲೆಕ್ಕಾಚಾರ ನಡುವೆಯೇ ನಿಂತಿತು. ಆ ಸಾಲುಗಳು ಎರಡು ಕೆಲಸಗಳು ಒಟ್ಟಿಗೆ ನುಗ್ಗದಂತೆ ತಡೆದು ನಿಲ್ಲಿಸುತ್ತಿದ್ದವು. ಬೆಳಗಿನವರೆಗೆ ಕೂತು ಸರಿಪಡಿಸಿದೆ. ಒಂದನ್ನು ತೆಗೆಯುವ ಮೊದಲು ಅದು ಏನೇನು ಮಾಡುತ್ತಿತ್ತು ಎಂದು ಪೂರ್ತಿ ತಿಳಿಯಬೇಕು ಎಂಬುದನ್ನು ಅಂದು ಕಲಿತೆ. ಪಾದರಸದ ವಿಷಯದಲ್ಲಿ ಇಂಜಿನಿಯರುಗಳು ಮಾಡಿದ್ದು ಅದನ್ನೇ. ಮೂರು ಕೆಲಸಗಳಿಗೂ ಬೇರೆ ಆಳು ಹುಡುಕಿದರು.

ಕಂಬಳಿಯ ಕೆಲಸಕ್ಕೆ ಕ್ಸೆನಾನ್ ಸಿಕ್ಕಿತು. ಇದು ಗಾಳಿಯಲ್ಲೇ ಅತ್ಯಲ್ಪ ಪ್ರಮಾಣದಲ್ಲಿರುವ, ಯಾರ ತಂಟೆಗೂ ಹೋಗದ ಜಡಾನಿಲ. ಸಾಮಾನ್ಯ ಸೋಡಿಯಂ ದೀಪದಲ್ಲೂ ಹೊತ್ತಿಸಲೆಂದು ಸ್ವಲ್ಪ ಕ್ಸೆನಾನ್ ಇರುತ್ತದೆ. ಪಾದರಸವಿಲ್ಲದ ದೀಪದಲ್ಲಿ ಅದನ್ನು ಹಲವು ಪಟ್ಟು ಹೆಚ್ಚು ತುಂಬುತ್ತಾರೆ. ಭಾರವಾದ ಪರಮಾಣು, ಶಾಖ ಸಾಗಿಸುವುದರಲ್ಲಿ ಸೋಮಾರಿ. ಕಂಬಳಿಯಾಗಿ ಅದು ಪಾದರಸಕ್ಕೆ ಸೋಲುವುದಿಲ್ಲ.

ಆದರೆ ಜಾತ್ರೆಯ ಕೆಲಸದಲ್ಲಿ ಸೋಲುತ್ತದೆ. ನಿಧಾನವಾಗಿ ಚಲಿಸುವ ಎಲೆಕ್ಟ್ರಾನುಗಳು ಪಾದರಸಕ್ಕೆ ಢಿಕ್ಕಿ ಹೊಡೆದಷ್ಟು ಕ್ಸೆನಾನ್‌ಗೆ ಹೊಡೆಯುವುದಿಲ್ಲ, ನುಸುಳಿಕೊಂಡು ಹೋಗುತ್ತವೆ. ವೋಲ್ಟೇಜ್ ಇಳಿಯುತ್ತದೆ. ಹಳೆಯ ಚೋಕಿನಲ್ಲೇ ದೀಪ ಉರಿಯಬೇಕಾದರೆ ಅದನ್ನು ಮತ್ತೆ ಏರಿಸಬೇಕು. ಸಂದಣಿ ಕಡಿಮೆಯಾದರೆ ದಾರಿಯನ್ನಾದರೂ ಉದ್ದ ಮಾಡಬೇಕಲ್ಲವೇ? ಕೊಳವೆಯನ್ನು ಹೆಚ್ಚು ಉದ್ದ, ಹೆಚ್ಚು ಸಪೂರ ಮಾಡಿದರು.

ಇದರಿಂದ ಹೊಸ ತೊಡಕು ಬಂತು. ಕ್ಸೆನಾನ್ ಒತ್ತಡ ಹೆಚ್ಚಿದ್ದರೆ, ದಾರಿ ಉದ್ದವಾದರೆ ತಣ್ಣನೆಯ ದೀಪ ಹೊತ್ತಿಕೊಳ್ಳುವುದು ಕಷ್ಟ. ಓಟ ಆರಂಭಿಸಿದ ಎಲೆಕ್ಟ್ರಾನು ವೇಗ ಪಡೆಯುವ ಮೊದಲೇ ಯಾವುದಾದರೂ ಪರಮಾಣುವಿಗೆ ಬಡಿಯುತ್ತದೆ. ಅದಕ್ಕೆಂದು ಕೊಳವೆಯ ಉದ್ದಕ್ಕೂ ಹೊರಗಿನಿಂದ ಒಂದು ತೆಳುವಾದ ಲೋಹದ ತಂತಿ ಹಾಯಿಸಿದರು. ಇಗ್ನೈಟರ್ ಹೊಡೆತ ಕೊಟ್ಟಾಗ ಆ ತಂತಿಯಿಂದಾಗಿ ಹತ್ತಿರದಲ್ಲೇ ಬಲವಾದ ವಿದ್ಯುತ್ ಕ್ಷೇತ್ರ ಏರ್ಪಟ್ಟು, ಮೊದಲ ಕಿಡಿ ಗೋಡೆಗುಂಟ ಹರಿಯುತ್ತದೆ. ಉಳಿದದ್ದು ಸುಲಭ.

ಮೂರನೆಯ ಕೆಲಸವನ್ನು, ಅಂದರೆ ಆ ಚೂರು ಕೆಂಪನ್ನು, ಬಹುಮಟ್ಟಿಗೆ ಬಿಟ್ಟುಕೊಟ್ಟರು. ಪಕ್ಕಪಕ್ಕ ಇಟ್ಟು ನೋಡಿದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಕಾಣಬಹುದು. ರಸ್ತೆಯಲ್ಲಿ ನಡೆಯುವವನಿಗೆ ಗೊತ್ತಾಗುವುದಿಲ್ಲ.

ಫಲಿತಾಂಶ ಹೇಗಿತ್ತು? ಬೆಳಕಿನ ಲೆಕ್ಕದಲ್ಲಿ ಈ ದೀಪಗಳು ಸಾಮಾನ್ಯ ಸೋಡಿಯಂ ದೀಪದ ಹತ್ತಿರ ಹತ್ತಿರ ಬಂದವು. ಇನ್ನೊಂದು ಲಾಭವೂ ಸಿಕ್ಕಿತು. ಕ್ಸೆನಾನ್ ಯಾವಾಗಲೂ ಅನಿಲವೇ. ಅದು ತಣ್ಣನೆಯ ತುದಿಯಲ್ಲಿ ದ್ರವವಾಗಿ ಕೂತು ಹೊಂಚುಹಾಕುವುದಿಲ್ಲ. ಕೆಲವು ದೀಪಗಳಲ್ಲಿ ಸೋಡಿಯಂ ಕೂಡ ಪೂರ್ತಿ ಆವಿಯಾಗುವಷ್ಟೇ ಹಾಕಿದರು. ಹಾಗಾಗಿ ತುದಿ ಬಿಸಿಯಾದರೂ ಹೊಸ ಆವಿ ಏಳುವುದಿಲ್ಲ, ವೋಲ್ಟೇಜ್ ಮೇಲೇರುತ್ತಾ ಹೋಗುವುದಿಲ್ಲ, ಆರಿ ಆರಿ ಹೊತ್ತುವ ಕಾಯಿಲೆ ಇಲ್ಲ. ಅದಕ್ಕೆ ತೆತ್ತ ಬೆಲೆಯೂ ಉಂಟು. ಮೀಸಲು ಸೋಡಿಯಂ ಇಲ್ಲದ್ದರಿಂದ ಇರುವ ಒಂದಿಷ್ಟು ಸೋರಿಹೋಗದಂತೆ ಕೊಳವೆಯನ್ನೂ ತುದಿಯ ಬೆಸುಗೆಯನ್ನೂ ಬಹಳ ಜತನದಿಂದ ಮಾಡಬೇಕು.

ಅಂಥ ದೀಪ ನಮ್ಮೂರಿನ ಕಂಬಕ್ಕೆ ಬಂದದ್ದನ್ನು ನಾನು ನೋಡಲಿಲ್ಲ. ಅದು ಬರುವ ಮೊದಲೇ ಎಲ್‌ಇಡಿ ಬಂತು. 2015ರಲ್ಲಿ ಕೇಂದ್ರ ಸರ್ಕಾರ ಬೀದಿ ದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಎಲ್‌ಇಡಿಯಲ್ಲಿ ಪಾದರಸವಿಲ್ಲ, ಬಣ್ಣ ಚೆನ್ನಾಗಿ ಕಾಣುತ್ತದೆ, ಸ್ವಿಚ್ ಹಾಕಿದ ಕ್ಷಣವೇ ಹೊತ್ತುತ್ತದೆ. ಹಾಗಾದರೆ ಈ ಹಳೆಯ ಕಥೆ ಯಾಕೆ ಎಂದು ಮಕ್ಕಳು ಕೇಳಬಹುದು. ಎರಡು ಕಾರಣ ಇದೆ.

ಮೊದಲನೆಯದು ನನ್ನ ಮೂವತ್ತು ಸಾಲುಗಳ ಕಾರಣ. ನೀವು ನಾಳೆ ಇಂಜಿನಿಯರ್ ಆಗುತ್ತೀರೋ, ರೈತರಾಗುತ್ತೀರೋ, ಪಂಚಾಯಿತಿ ಸದಸ್ಯರಾಗುತ್ತೀರೋ, ಕೆಟ್ಟದ್ದೊಂದನ್ನು ತೆಗೆದುಹಾಕುವ ಸಂದರ್ಭ ಬಂದೇ ಬರುತ್ತದೆ. ಕೆಟ್ಟದ್ದು ಎಂದು ಬೈದರೆ ಅದು ಹೋಗುವುದಿಲ್ಲ. ಅದು ಮಾಡುತ್ತಿದ್ದ ಕೆಲಸಗಳ ಪಟ್ಟಿ ಬರೆದು, ಒಂದೊಂದಕ್ಕೂ ಬದಲಿ ಹುಡುಕಿದರೆ ಹೋಗುತ್ತದೆ.

ಎರಡನೆಯದು ಇಂದು ಬೆಳಿಗ್ಗೆ ನಾನು ಕಂಡದ್ದು. ಹಿಂದಿನ ಸ್ಟೋರ್ ರೂಮಿನ ಮೂಲೆಯಲ್ಲಿ ಸುಟ್ಟುಹೋದ ಟ್ಯೂಬ್‌ಲೈಟುಗಳ ಒಂದು ಕಟ್ಟು ನಿಂತಿದೆ. ಜೊತೆಗೆ ಹಳೆಯ ಸಿಎಫ್‌ಎಲ್ ಬಲ್ಬುಗಳು ಮತ್ತು ಪ್ರಯೋಗಾಲಯದ ಎರಡು ಥರ್ಮಾಮೀಟರುಗಳೂ ಇವೆ. ಎಲ್ಲದರಲ್ಲೂ ಪಾದರಸ ಇದೆ. ಕಿಟಕಿಯಿಂದ ಇಬ್ಬರು ಹುಡುಗರು ಆಸೆಯಿಂದ ಆ ಟ್ಯೂಬುಗಳನ್ನೇ ನೋಡುತ್ತಿದ್ದರು. ನನ್ನನ್ನೇ ನಾನು ನೋಡಿದಂತಾಯಿತು. ಪಾದರಸ ಇರುವ ದೀಪಗಳು 2016ರ ಇ-ತ್ಯಾಜ್ಯ ನಿಯಮಗಳಲ್ಲೇ ಸೇರಿದ್ದವು. ಅವು ಚರಂಡಿಗೆ ಹೋಗಬೇಕಾದವಲ್ಲ. ಮುಖ್ಯೋಪಾಧ್ಯಾಯರ ಜೊತೆ ಮಾತಾಡಿದ್ದೇನೆ. ಅವನ್ನು ಒಡೆಯದಂತೆ ಪೆಟ್ಟಿಗೆಗೆ ತುಂಬಿ ಅಧಿಕೃತ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನನ್ನ ಕಾರಿನಲ್ಲೇ ತೆಗೆದುಕೊಂಡು ಹೋಗುತ್ತೇನೆ.

ಮನೆಯಲ್ಲಿ ಸಿಎಫ್‌ಎಲ್ ಒಡೆದರೆ ಏನು ಮಾಡಬೇಕು ಎಂದು ನೆನಪಿಡಿ. ಕಿಟಕಿ ಬಾಗಿಲು ತೆರೆದು, ಫ್ಯಾನ್ ಆರಿಸಿ, ಹತ್ತು ಹದಿನೈದು ನಿಮಿಷ ಹೊರಗಿರಿ. ಪೊರಕೆಯಿಂದ ಗುಡಿಸಬೇಡಿ, ಪುಡಿ ಹಾರುತ್ತದೆ. ದಪ್ಪ ರಟ್ಟಿನಿಂದ ಚೂರುಗಳನ್ನು ಎತ್ತಿ, ಉಳಿದ ಪುಡಿಯನ್ನು ಅಂಟು ಟೇಪಿನಿಂದ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕಿ. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ. ಈ ಕೊನೆಯ ಸೂಚನೆ ನಮ್ಮ ಮೇಷ್ಟ್ರದು.

ನನ್ನ ಕೈಯಲ್ಲಿರುವ ಈ ಗಾಜಿನ ಸೀಸೆಯಲ್ಲಿ ಅಂದಿನ ಬಿಳಿಯ ಕಡ್ಡಿ ಇದೆ. ಜಾಮಿಟ್ರಿ ಬಾಕ್ಸಿನಲ್ಲಿ ಬಹಳ ಕಾಲ ಇತ್ತು. ಒಳಗೇನಿದೆ ಎಂದು ತಿಳಿದ ದಿನ ಸೀಸೆಗೆ ಹಾಕಿ ಮುಚ್ಚಿದೆ. ಅದು ಒಡೆದಿಲ್ಲ, ಅಂದರೆ ನಾನು ಯಾವ ಬೆಳಕಿನಲ್ಲಿ ಓದಿದೆನೋ ಅದನ್ನು ಹಿಡಿದಿಟ್ಟ ಪಾದರಸ ಇನ್ನೂ ಇದರೊಳಗೇ ಇದೆ. ಟ್ಯೂಬ್‌ಲೈಟುಗಳ ಜೊತೆ ಇದನ್ನೂ ಪೆಟ್ಟಿಗೆಗೆ ಹಾಕುತ್ತೇನೆ. ಅದಕ್ಕೂ ಮೊದಲು ಮೇಷ್ಟ್ರು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಲಿ ಎಂಬುದು ನನ್ನ ಆಸೆ.

ಮೇಷ್ಟ್ರೇ, ಮನೆಗೆಲಸ ತಡವಾಯಿತು. ತಪ್ಪಿದ್ದರೆ ತಿದ್ದಿ. ಬೋರ್ಡಿನ ಗೀರಿಗೂ ಕ್ಷಮೆ ಇರಲಿ.